ಪಂಕ್ತಿಯಿಂದ ಎದ್ದುಹೋದವರು

ಪುಣೆಗೆ ಬಂದು ಹದಿನಾರು ವರ್ಷ ಆಯಿತು. ಇಷ್ಟು ವರ್ಷದಲ್ಲಿ ನನಗೆ ಜಾಸ್ತಿ ಎದುರಾದ ಪ್ರಶ್ನೆ 'ನೀವು ಯಾವ ಪೈಕಿ?' ಅನ್ನುವುದು. ಬಾಡಿಗೆ ಮನೆಯವರು ಮರಾಠಿಯಲ್ಲಿ ಸುತ್ತಿ ಬಳಸಿ ಕೇಳುತ್ತಾರೆ. ನಮ್ಮ ಕನ್ನಡದವರು ನೇರವಾಗಿ ಕೇಳುತ್ತಾರೆ. ನನ್ನ ಹೆಸರಲ್ಲಿ ಪೀಟರೂ ಇಲ್ಲ, ಜೋಸೆಫೂ ಇಲ್ಲ. ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಹಾಗಾಗಿ ಕ್ರಿಶ್ಚಿಯನ್ ಅಂದ ಕೂಡಲೇ ಎದುರಿನವರಿಗೆ ಲೆಕ್ಕ ತಪ್ಪುತ್ತದೆ. ಗೋವಾದವರಾ? ಅಲ್ಲ. ಮಂಗಳೂರಿನವರಾ? ಅಲ್ಲ. ಗದಗ ಹತ್ತಿರ ಬೆಟಗೇರಿ. 'ಹಾಂ, ಹಂಗಾದ್ರ ಕನ್ವರ್ಟ್ ಆದವ್ರು ಅನ್ರಿ.' ಮುತ್ತಜ್ಜನ ಕಾಲದಲ್ಲಿ ಆದದ್ದು, ಇನ್ನೂ ಆಗ್ತಾನೇ ಇದೆ ಅನ್ನೋ ಹಾಗೆ.

ಇದಕ್ಕೆಲ್ಲ ನನಗೆ ಬೇಜಾರಿಲ್ಲ. ಅಭ್ಯಾಸ ಆಗಿದೆ. ಬೇಜಾರಾದದ್ದು ಅದೇ ಪ್ರಶ್ನೆ ಚರ್ಚಿನ ಅಂಗಳದಲ್ಲಿ ಬಂದಾಗ. ಇಲ್ಲಿ ನಾನು ಹೋಗಲು ಶುರು ಮಾಡಿದ ಕನ್ನಡ ಆರಾಧನೆ ಭಾನುವಾರ ಸಂಜೆ ನಾಲ್ಕಕ್ಕೆ. ಬೆಳಿಗ್ಗೆ ಅದೇ ಕಟ್ಟಡದಲ್ಲಿ ಮರಾಠಿಯವರ ಆರಾಧನೆ. ಅವರು ಫ್ಯಾನ್ ಆರಿಸಿ ಬೀಗದ ಕೈ ಕೊಟ್ಟು ಹೋದ ಮೇಲೆ ನಮ್ಮದು. ಮೊದಲ ವಾರವೇ ಒಬ್ಬ ಹಿರಿಯರು ಕೈ ಕುಲುಕಿ, 'ಬೆಟಗೇರಿಯವ್ರಾ? ಭಾಳ ಚಲೋ ಆತು. ಯಾರ ಪೈಕಿ?' ಅಂದರು. ನಾನು ಅಜ್ಜನ ಹೆಸರು ಹೇಳಿದೆ. ಅವರ ಮುಖ ಅರಳಿತು. ಮುಂದಿನ ತಿಂಗಳು ನನ್ನನ್ನು ಕಮಿಟಿಗೆ ಹಾಕಿದರು.

ಆ ಅರಳಿದ ಮುಖದ ಬೆಲೆ ಏನು ಅಂತ ಅರ್ಥವಾಗಿದ್ದು ಡಿಸೆಂಬರಿನಲ್ಲಿ.

ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಊಟ ಇಟ್ಟಿದ್ದೆವು. ನಮ್ಮ ಸಭೆಗೆ, ಅಂದರೆ ಈ ಆರಾಧನೆಗೆ ಸೇರುವ ಗುಂಪಿಗೆ, ಎರಡು ಥರದ ಜನ ಬರುತ್ತಾರೆ. ಹಿಂಜವಡಿ, ವಾಕಡ್ ಕಡೆಯ ಕಂಪ್ಯೂಟರ್ ಕೆಲಸದವರು, ಚಿಂಚವಾಡದ ಕಾರ್ಖಾನೆಗಳ ನನ್ನಂಥವರು ಒಂದು ಕಡೆ. ಕಲಬುರಗಿ, ಯಾದಗಿರಿ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ನಿಂತುಕೊಂಡೇ ಬಂದು, ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಇರುವವರು ಇನ್ನೊಂದು ಕಡೆ. ಆರಾಧನೆಯಲ್ಲಿ ಎಲ್ಲರೂ ಒಟ್ಟಿಗೇ ಕೂತು ಹಾಡುತ್ತೇವೆ. ನಿಜ ಹೇಳಬೇಕೆಂದರೆ ಅವರೇ ಚೆನ್ನಾಗಿ ಹಾಡುತ್ತಾರೆ. ಆದರೆ ಅವತ್ತು ಊಟಕ್ಕೆ ಹಾಲಿನೊಳಗೆ ನಾಲ್ಕು ಮೇಜು, ಪಿಂಗಾಣಿ ತಟ್ಟೆ. ಹೊರಗೆ ಪಾರ್ಕಿಂಗ್ ಜಾಗದಲ್ಲಿ ಕಾಗದದ ತಟ್ಟೆ. ಯಾರೂ ಬೋರ್ಡು ಹಾಕಿರಲಿಲ್ಲ. ಯಾರು ಎಲ್ಲಿ ಅಂತ ಯಾರೂ ಹೇಳಲೂ ಇಲ್ಲ. ಎಲ್ಲರಿಗೂ ಗೊತ್ತಿತ್ತು.

ನಾನು ಒಳಗೆ ಕೂತೆ. ಚಿಕನ್ ಹಾಕಿಸಿಕೊಂಡೆ. ಅಷ್ಟರಲ್ಲಿ ಚಿತ್ತಾಪುರದ ಕಡೆಯ ಒಬ್ಬಾಕೆ ಬಾಗಿಲಲ್ಲಿ ಬಂದು ನಿಂತಳು. ಸೊಂಟದಲ್ಲಿ ಮಗು. ಉಗುರಿನ ಸಂದಿಯಲ್ಲಿ ಸಿಮೆಂಟು ಹಾಗೇ ಒಣಗಿತ್ತು, ಎಷ್ಟು ತೊಳೆದರೂ ಹೋಗದ ಥರ. ಕೈಯಲ್ಲಿದ್ದ ಕಾಗದದ ತಟ್ಟೆ ಸಾರು ಕುಡಿದು ನಡುವೆ ಜೋತುಬಿದ್ದಿತ್ತು. ಅದನ್ನು ಅಂಗೈ ಕೆಳಗೆ ಕೊಟ್ಟು ಹಿಡಿದಿದ್ದಳು. 'ಅಣ್ಣಾರ, ಇನ್ನೊಂಚೂರು ಸಾರು ಐತೇನ್ರಿ? ಹೊರಗ ಮುಗದೈತಿ.' ನನ್ನ ಪಕ್ಕ ಕೂತವರು ತಲೆ ಎತ್ತದೆ, 'ಅಲ್ಲೇ ನಿಂತ್ಕೊ, ಹೊರಗೇ ಕಳಿಸ್ತಾರೆ' ಅಂದರು. ನನ್ನ ಮುಂದೆಯೇ ಸಾರಿನ ಪಾತ್ರೆ ಇತ್ತು. ಅರ್ಧದಷ್ಟು ಇತ್ತು. ನಾನು ತಟ್ಟೆಯನ್ನೇ ನೋಡುತ್ತಾ ಕೂತೆ.

ಹೊರಗೆ ಯಾರೂ ಕಳಿಸಲಿಲ್ಲ.

ಆ ರಾತ್ರಿ ಮನೆಗೆ ಬಂದು ನಾನೇನು ದೊಡ್ಡದಾಗಿ ಪಶ್ಚಾತ್ತಾಪ ಪಡಲಿಲ್ಲ. ಹೊಟ್ಟೆ ತುಂಬಿತ್ತು, ನಿದ್ದೆ ಬಂತು. ಒಂದೆರಡು ವಾರ ಬಿಟ್ಟು, ವಾರದ ಬೈಬಲ್ ಓದುವ ಸರದಿ ನನಗೆ ಬಂತು. ಸಿಕ್ಕ ಭಾಗ ಗಲಾತ್ಯದವರಿಗೆ ಪೌಲ ಬರೆದ ಪತ್ರದ ಎರಡನೇ ಅಧ್ಯಾಯ. ಅಂತಿಯೋಕ್ಯ ಅನ್ನುವ ಊರಿನಲ್ಲಿ ಯೇಸುವಿನ ಮುಖ್ಯ ಶಿಷ್ಯ ಪೇತ್ರ, ತಾನು ಯೆಹೂದ್ಯನಾದರೂ, ಯೆಹೂದ್ಯರಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ ಅಲ್ಲಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಕೊನೆಗೆ ಬಾರ್ನಬನಂಥ ಒಳ್ಳೆಯವನೂ ಎದ್ದ. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ಬೈದ. ಸಣ್ಣ ವಯಸ್ಸಿನಿಂದ ಇದನ್ನು ಎಷ್ಟು ಸಲ ಓದಿದ್ದೇನೋ. ಹೊರಗಿನವರ ಜೊತೆ ಉಣ್ಣಬಾರದು ಅನ್ನುವ ಯೆಹೂದ್ಯರ ನಿಯಮದ ಕುರಿತ ಒಣ ಜಗಳ ಅಂದುಕೊಂಡಿದ್ದೆ. ಅವತ್ತು ಗಟ್ಟಿಯಾಗಿ ಓದುತ್ತಿದ್ದಾಗ ನಾಲಿಗೆ ನಿಂತಿತು. ಇದಕ್ಕೆ ನಮ್ಮ ಭಾಷೆಯಲ್ಲಿ ಸರಿಯಾದ ಹೆಸರೇ ಇದೆಯಲ್ಲ. ಪಂಕ್ತಿಭೇದ.

ಇನ್ನೊಂದು ವಿಷಯ ನೋಡಿ. ಬೈಬಲ್ಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದ 11ನೇ ಅಧ್ಯಾಯದ ಪ್ರಕಾರ ಯೇಸುವಿನ ಶಿಷ್ಯರಿಗೆ 'ಕ್ರೈಸ್ತರು' ಅನ್ನುವ ಹೆಸರು ಮೊದಲು ಬಂದದ್ದು ಇದೇ ಅಂತಿಯೋಕ್ಯದಲ್ಲಿ. ಇವತ್ತು ಅದು ಟರ್ಕಿಯ ಅಂತಾಕ್ಯ, 2023ರ ಭೂಕಂಪದಲ್ಲಿ ನೆಲಸಮ ಆಯಿತಲ್ಲ, ಅದೇ ಊರು. ಆಗ ರೋಮ್ ಸಾಮ್ರಾಜ್ಯದ ದೊಡ್ಡ ಪಟ್ಟಣಗಳಲ್ಲಿ ಒಂದು, ಈಗಿನ ಪುಣೆ-ಮುಂಬೈ ಥರ ಎಲ್ಲೆಲ್ಲಿಂದಲೋ ಜನ ಬಂದು ಸೇರಿದ ಊರು. ಹೆಸರನ್ನು ಶಿಷ್ಯರೇ ಇಟ್ಟುಕೊಂಡ ಹಾಗೆ ಕಾಣುವುದಿಲ್ಲ, ಊರಿನವರು ಇಟ್ಟದ್ದು. ಗ್ರೀಕಿನಲ್ಲಿ ಆ ಪದದ ಬಾಲಕ್ಕೆ 'ಇಂಥವನ ಕಡೆಯವರು' ಅನ್ನುವ ಅರ್ಥ ಇದೆ. ಹೆರೋದನ ಕಡೆಯವರು ಅಂದ ಹಾಗೆ ಕ್ರಿಸ್ತನ ಕಡೆಯವರು. ಪೈಕಿಯೇ ಅಲ್ವಾ ಅದು? ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಬರುವುದು ಮೂರೇ ಸಲ.

ಊರಿನವರಿಗೆ ಹೊಸ ಹೆಸರು ಯಾಕೆ ಬೇಕಾಯಿತು? ನನಗೆ ಅನ್ನಿಸುವುದು ಇಷ್ಟು. ಯೆಹೂದ್ಯರಿಗೆ ಒಂದು ಹೆಸರಿತ್ತು, ಗ್ರೀಕರಿಗೆ ಒಂದು ಹೆಸರಿತ್ತು. ಆದರೆ ಇಬ್ಬರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುವ ಗುಂಪಿಗೆ ಏನನ್ನಬೇಕು? ಆ ಸಭೆಯ ಮುಖ್ಯಸ್ಥರ ಪಟ್ಟಿ ಅದೇ ಪುಸ್ತಕದ 13ನೇ ಅಧ್ಯಾಯದಲ್ಲಿದೆ. ಸೈಪ್ರಸ್‌ನ ಬಾರ್ನಬ, 'ಕರಿಯ' ಅಂತ ಕರೆಸಿಕೊಳ್ಳುವ ಸಿಮೆಯೋನ, ಆಫ್ರಿಕಾದ ಕುರೇನೆಯ ಲೂಕ್ಯ, ಹೆರೋದ ರಾಜನ ಜೊತೆ ಬೆಳೆದ ಮೆನಹೇನ, ಮತ್ತೆ ಸೌಲ, ಅಂದರೆ ಇದೇ ಪೌಲ. ಈ ಐದು ಜನರನ್ನು ನೋಡಿ 'ಯಾವ ಪೈಕಿ' ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಹಳೆಯ ಯಾವ ಹೆಸರೂ ಹೊಂದದೆ ಹುಟ್ಟಿಕೊಂಡ ಹೆಸರು ಅದು. ಪೇತ್ರ ಎದ್ದುಹೋದದ್ದು ಆ ಪಂಕ್ತಿಯಿಂದ. ಅದಕ್ಕೇ ಪೌಲನಿಗೆ ಅಷ್ಟು ಸಿಟ್ಟು. ಪೇತ್ರ ಸುಮ್ನೆ ಊಟ ಬಿಟ್ಟು ಹೋಗಲಿಲ್ಲ, ಹೆಸರನ್ನೇ ಅಳಿಸಿದ.

ಪುಣೆಯವರಿಗೆ ಇದು ತಕ್ಷಣ ಅರ್ಥ ಆಗಬೇಕು. ಇಲ್ಲೂ ಒಂದು ದೊಡ್ಡ ರಂಪ ಆಗಿತ್ತು, ಒಂದು ಕಪ್ ಚಹಾಕ್ಕೆ. ಗುರುವಾರ ಪೇಠೆಯಲ್ಲಿ ಪಂಚ ಹೌದ್ ಮಿಷನ್ ಇದೆ. ಚರ್ಚಿನ ಎತ್ತರದ ಗಂಟೆ ಗೋಪುರ ಆ ಸಂದಿಗೊಂದಿಗಳ ನಡುವೆ ಈಗಲೂ ಕಾಣುತ್ತದೆ. 1890ರ ಅಕ್ಟೋಬರಿನಲ್ಲಿ ಅಲ್ಲಿನ ಒಂದು ಕಾರ್ಯಕ್ರಮಕ್ಕೆ ಊರಿನ ಗಣ್ಯರನ್ನು ಕರೆದು ಚಹಾ, ಬಿಸ್ಕೆಟ್ ಕೊಟ್ಟರು. ಬಂದವರಲ್ಲಿ ಟಿಳಕ್, ರಾನಡೆ, ಗೋಖಲೆ ಇದ್ದರು. ಕೆಲವರು ಕುಡಿದರು, ಕೆಲವರು ಮುಟ್ಟದೇ ಇಟ್ಟರು. ಕರ್ಮಠರನ್ನೂ ಸುಧಾರಕರನ್ನೂ ಕೆಣಕುವುದರಲ್ಲಿ ಹೆಸರಾಗಿದ್ದ ಗೋಪಾಳರಾವ್ ಜೋಶಿ ಅನ್ನುವವರು ಹೆಸರುಗಳನ್ನು ಪತ್ರಿಕೆಗೆ ಕೊಟ್ಟುಬಿಟ್ಟರು. ಆಮೇಲೆ, ಕ್ರೈಸ್ತರಲ್ಲಿ ಚಹಾ ಕುಡಿದು ಜಾತಿ ಕೆಟ್ಟಿತು ಅಂತ ಬಹಿಷ್ಕಾರದ ಮಾತು, ಶಂಕರಾಚಾರ್ಯರ ಕಡೆಯಿಂದ ವಿಚಾರಣೆ, ಕೊನೆಗೆ ಪ್ರಾಯಶ್ಚಿತ್ತ. ರಾನಡೆಯವರಂಥ ನ್ಯಾಯಾಧೀಶರೂ ಪ್ರಾಯಶ್ಚಿತ್ತಕ್ಕೆ ಒಪ್ಪಿದರು. ಒಂದು ಕಪ್ ಚಹಾ! ನಮ್ಮ ಸಭೆಯಲ್ಲಿ ಈ ಕಥೆ ಹೇಳಿದರೆ ಎಲ್ಲರೂ ನಗುತ್ತಾರೆ, ನೋಡಿ ಅವರು ಹೇಗಿದ್ದರು ಅಂತ. ನಾನೂ ನಕ್ಕಿದ್ದೆ. ಪೇತ್ರನ ಕಥೆ ಓದಿದ ಮೇಲೆ ನಗು ಬರುತ್ತಿಲ್ಲ. ಅವರಿಗಾದರೂ ಹೆದರಲು ಬಹಿಷ್ಕಾರ ಇತ್ತು. ನನಗೆ ಏನಿತ್ತು? ಪಕ್ಕದವರು ಏನಂದುಕೊಂಡಾರು ಅನ್ನುವ ಅಳುಕು, ಅಷ್ಟೇ.

ಹಾಗಾದರೆ ಸಭೆ ಇರುವುದು ಯಾಕೆ? ಚಿಕ್ಕವನಿದ್ದಾಗ ಸಂಡೇ ಸ್ಕೂಲಿನಲ್ಲಿ ಹೇಳಿಕೊಟ್ಟದ್ದು ಸುಲಭದ ಉತ್ತರ. ಆತ್ಮಗಳನ್ನು ಪರಲೋಕಕ್ಕೆ ಮುಟ್ಟಿಸುವುದು. ಒಂಥರಾ ಬಸ್ ಸ್ಟ್ಯಾಂಡ್. ಬಸ್ ಬರುವ ತನಕ ಕಾಯಬೇಕು, ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದು ಮುಖ್ಯ ಅಲ್ಲ. ಆದರೆ ಎಫೆಸದವರಿಗೆ ಬರೆದ ಪತ್ರದಲ್ಲಿ ದೇವರ ಅನಾದಿ ಸಂಕಲ್ಪ ಅಂತ ಬರುತ್ತದೆ, 'ಮರ್ಮ' ಅನ್ನುವ ಪದ ಬರುತ್ತದೆ. ಎಷ್ಟೋ ಕಾಲ ಮುಚ್ಚಿಟ್ಟಿದ್ದ ಆ ಮರ್ಮ ಏನು ಅಂತ ಕುತೂಹಲದಿಂದ ಮುಂದೆ ಓದಿದರೆ, ಹೊರಗಿನವರೂ ಒಳಗಿನವರ ಜೊತೆ ಒಂದೇ ಆಸ್ತಿಗೆ ಹಕ್ಕುದಾರರು, ಒಂದೇ ದೇಹದ ಅಂಗಗಳು. ಇಷ್ಟೇ. ಇದನ್ನು ಆಕಾಶದ ಅಧಿಕಾರಗಳಿಗೆಲ್ಲ ತೋರಿಸುವುದು ಸಭೆಯ ಮೂಲಕ ಅಂತ ಪೌಲ ಬರೆಯುತ್ತಾನೆ. ಉಪದೇಶದ ಮೂಲಕ ಅನ್ನಲಿಲ್ಲ, ಸಭೆಯ ಮೂಲಕ ಅಂದ. ಅಂದರೆ ಯಾರ್ಯಾರು ಒಟ್ಟಿಗೆ ಕೂತಿದ್ದಾರೆ ಅನ್ನುವುದೇ ಸಾಕ್ಷಿ. ಕೂತ ರೀತಿ ಕೆಟ್ಟರೆ ಮೈಕಿನಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರೂ ಏನೂ ಉಳಿಯುವುದಿಲ್ಲ.

ಅದೇ ಪತ್ರದಲ್ಲಿ ಒಂದು ಅಡ್ಡಗೋಡೆಯ ಮಾತು ಇದೆ, ಕ್ರಿಸ್ತ ಅದನ್ನು ಕೆಡವಿದ ಅಂತ. ಯೆರೂಸಲೇಮಿನ ದೇವಾಲಯದಲ್ಲಿ ನಿಜವಾಗಲೂ ಅಂಥ ಗೋಡೆ ಇತ್ತು. ಅದರ ಮೇಲೆ ಗ್ರೀಕಿನಲ್ಲಿ ಕೆತ್ತಿದ ಎಚ್ಚರಿಕೆಯ ಕಲ್ಲು 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್‌ನ ಮ್ಯೂಸಿಯಂನಲ್ಲಿದೆ. ಪರಜನರು ಯಾರೂ ಒಳಗೆ ಬರಕೂಡದು, ಬಂದು ಸಿಕ್ಕಿಬಿದ್ದರೆ ತನ್ನ ಸಾವಿಗೆ ತಾನೇ ಹೊಣೆ. ನಮ್ಮೂರ ಕಡೆ ಇದಕ್ಕೆ ಕಲ್ಲು ಕೆತ್ತುವ ಅಗತ್ಯ ಬೀಳಲಿಲ್ಲ. ಬಾವಿಯ ಹತ್ತಿರ ಯಾರು ಎಲ್ಲಿ ನಿಲ್ಲಬೇಕು ಅಂತ ಮಕ್ಕಳಿಗೂ ಗೊತ್ತಿತ್ತು.

ಗ್ರೀಸಿನ ಕೊರಿಂಥದ ಸಭೆಯವರ ಕಥೆ ಇನ್ನೂ ಹತ್ತಿರದ್ದು. ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿನ ಊಟಕ್ಕೆ, ಸೇರಿದಾಗ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ ಅಂತ ಪೌಲ ಬೈಯುತ್ತಾನೆ. ಆ ಕಾಲದ ಸಿರಿವಂತರ ಮನೆಯ ಊಟದ ಕೋಣೆಯಲ್ಲಿ ಮೂರು ಮಂಚ, ಮಂಚಕ್ಕೆ ಮೂರು ಜನ ಒರಗುವ ವ್ಯವಸ್ಥೆ. ಒಂಬತ್ತು ಜನಕ್ಕೆ ಜಾಗ. ಉಳಿದವರು ಅಂಗಳದಲ್ಲಿ ಕೂರುತ್ತಿದ್ದಿರಬೇಕು ಅಂತ ತಿಳಿದವರು ಹೇಳುತ್ತಾರೆ. ಇದನ್ನು ಓದಿದಾಗ ನನಗೆ ಮಂಚ ಕಾಣಿಸಲಿಲ್ಲ, ನಮ್ಮ ಹಾಲಿನ ನಾಲ್ಕು ಮೇಜು ಕಾಣಿಸಿತು.

ಬೆಟಗೇರಿಯ ಮನೆತನ ಅಂತ ಎದೆ ಉಬ್ಬಿಸಿಕೊಳ್ಳುತ್ತಿದ್ದೆನಲ್ಲ, ಅದರ ಬೇರು ಏನು? 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆ ಬಂತು. ದೀಕ್ಷಾಸ್ನಾನ ತೆಗೆದುಕೊಂಡವರನ್ನು ಮನೆಯವರು ಹೊರಗೆ ಹಾಕುತ್ತಿದ್ದರು. ಮನೆ ಹೋಯಿತು, ಕುಲಕಸುಬು ಹೋಯಿತು. ಅಂಥವರಿಗೆ ಕೆಲಸ ಬೇಕು ಅಂತ ಮಿಷನ್ ನೇಯ್ಗೆ ಶುರು ಮಾಡಿತು, ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತು. ಪಂಕ್ತಿಯಿಂದ ಎಬ್ಬಿಸಿದವರಿಗೆ ಸಿಕ್ಕ ಪಂಕ್ತಿ ಅದು. ನಾಲ್ಕು ತಲೆಮಾರು ದಾಟಿದ ಮೇಲೆ ಅದೇ ಒಂದು 'ಪೈಕಿ' ಆಯಿತು. ಹೊರಗೆ ಹಾಕಿಸಿಕೊಂಡವರ ಮೊಮ್ಮಕ್ಕಳು ನಾವು. ಈಗ ಬಾಗಿಲಲ್ಲಿ ನಿಂತವರಿಗೆ 'ಅಲ್ಲೇ ನಿಂತ್ಕೊ' ಅನ್ನುತ್ತಿದ್ದೇವೆ.

ಊರಿಗೆ ಹೋಗುವ ರೈಲು ದೌಂಡ್‌ಗೆ ಮುಂಚೆ ಕೇಡಗಾಂವ್ ದಾಟುತ್ತದೆ. ಪಂಡಿತಾ ರಮಾಬಾಯಿಯವರ 'ಮುಕ್ತಿ' ಅನ್ನುವ ಆಶ್ರಮ ಇರುವ ಊರು. ಅವರನ್ನು ಮಹಾರಾಷ್ಟ್ರದವರು ತಮ್ಮವರು ಅನ್ನುತ್ತಾರೆ, ಸರಿಯೇ. ಆದರೆ ಹುಟ್ಟಿದ್ದು 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಊರವರ ವಿರೋಧ ಕಟ್ಟಿಕೊಂಡ ಮನುಷ್ಯ. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಪಡೆದ ಮೇಲೂ ಮಾಂಸ ಮುಟ್ಟಲಿಲ್ಲ, ಮೊಟ್ಟೆ ಹಾಕಿದ ಪುಡ್ಡಿಂಗ್ ಬೇಡ ಅಂದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಕೇಳಿದರು. ಕಾನ್ವೆಂಟಿನ ಸಿಸ್ಟರಿಗೆ ಇದೆಲ್ಲ ಹಟ ಅನ್ನಿಸಿತು. ಪುರೋಹಿತರ ಒಂದು ನೊಗವನ್ನು ಕಷ್ಟಪಟ್ಟು ಕಳಚಿದ್ದೇನೆ, ಅಂಥದ್ದೇ ಇನ್ನೊಂದಕ್ಕೆ ಕುತ್ತಿಗೆ ಕೊಡುವುದಿಲ್ಲ ಅನ್ನುವ ಅರ್ಥದಲ್ಲಿ ರಮಾಬಾಯಿ ಪತ್ರ ಬರೆದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದರು. ಚಹಾ ಕುಡಿದು ಊರು ರಂಪ ಮಾಡಿದ ವರ್ಷವೇ. ಆಮೇಲೆ ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವ್‌ನಲ್ಲಿ ಇಟ್ಟುಕೊಂಡರು. ಯಾವ ಪೈಕಿ ಅಂತ ಕೇಳಿ ಒಳಗೆ ಬಿಟ್ಟದ್ದಲ್ಲ. ಕಲಬುರಗಿಯಲ್ಲೂ ಒಂದು ಶಾಲೆ ತೆರೆದರು. ಚಿತ್ತಾಪುರದಾಕೆಯ ಊರಿನ ಕಡೆಯೇ.

ರಮಾಬಾಯಿ ನನಗೆ ಯಾಕೆ ಇಷ್ಟ ಅಂದರೆ, ಅವರು ತಮ್ಮದೇನನ್ನೂ ಒರೆಸಿಕೊಳ್ಳಲಿಲ್ಲ. ಒಂದೇ ಪಂಕ್ತಿ ಅಂದರೆ ಎಲ್ಲರೂ ಒಂದೇ ತಿನ್ನಬೇಕು ಅಂತ ಅಲ್ಲ. ನಾನು ರೊಟ್ಟಿ ತಿನ್ನುತ್ತೇನೆ, ನೀವು ಅನ್ನ ತಿನ್ನಿ. ಪಕ್ಕದಲ್ಲಿ ಕೂತರೆ ಸಾಕು.

ಇಲ್ಲಿ ನನ್ನ ವಾದಕ್ಕೆ ನಾನೇ ಅಡ್ಡ ಬರುತ್ತೇನೆ. ಹಾಗಾದರೆ ಕನ್ನಡದವರಿಗೆ ಬೇರೆ ಆರಾಧನೆ ಯಾಕಪ್ಪಾ? ಬೆಳಿಗ್ಗೆ ಮರಾಠಿಯವರ ಜೊತೆಯೇ ಕೂರಬಹುದಿತ್ತಲ್ಲ? ಮಧ್ಯಪ್ರದೇಶದ ದಮೋಹದಲ್ಲಿ ಹುಟ್ಟಿದ ಅಮೆರಿಕನ್ ಮಿಷನರಿ ಡೊನಾಲ್ಡ್ ಮ್ಯಾಕ್‌ಗಾವ್ರನ್ ಇದನ್ನೇ ಒಂದು ಸೂತ್ರ ಮಾಡಿದರು. ಜನ ತಮ್ಮ ಭಾಷೆ, ಜಾತಿ, ಅಂತಸ್ತಿನ ಗೆರೆ ದಾಟದೆ ಕ್ರೈಸ್ತರಾಗಲು ಇಷ್ಟಪಡುತ್ತಾರೆ, ಹಾಗೇ ಬಿಟ್ಟರೆ ಸಭೆ ಬೇಗ ಬೆಳೆಯುತ್ತದೆ ಅಂತ. ಲೆಕ್ಕ ಸರಿ ಇರಬಹುದು. ಬೇಗ ಬೆಳೆಯುವುದು ಬೇರೆ ವಿಷಯ. ಅಂತಿಯೋಕ್ಯದಲ್ಲಿ ಎರಡು ಪಂಕ್ತಿ ಹಾಕಿದ್ದರೆ ಜಗಳವೇ ಇರುತ್ತಿರಲಿಲ್ಲ, ಹೆಸರೂ ಇರುತ್ತಿರಲಿಲ್ಲ.

ಆದರೂ ಭಾಷೆಯ ವಿಷಯದಲ್ಲಿ ನಾನು ಸ್ವಲ್ಪ ಸ್ವಾರ್ಥಿ. ಮರಾಠಿಯಲ್ಲಿ ನನಗೆ ವ್ಯಾಪಾರ ಬರುತ್ತದೆ, ಜಗಳ ಬರುತ್ತದೆ, ಅಳು ಬರುವುದಿಲ್ಲ. ಅಮ್ಮ ತೀರಿಹೋದ ವಾರ ಕನ್ನಡದಲ್ಲಿ ಒಂದು ಕೀರ್ತನೆ ಕೇಳಬೇಕಿತ್ತು, ಸಂಜೆ ನಾಲ್ಕಕ್ಕೆ ಹೋಗಿ ಕೇಳಿದೆ. ಅದಕ್ಕೇ ಸಂಜೆಯ ಆರಾಧನೆ ಬೇಕು ಅನ್ನುತ್ತೇನೆ. ಬೆಳಗಿನವರ ಜೊತೆ ತಿಂಗಳಿಗೊಂದು ಸಲವಾದರೂ ಭೋಜನಕ್ಕೆ ಸೇರಬೇಕು ಅಂತಲೂ ಅನ್ನುತ್ತೇನೆ. ಎರಡೂ ಒಟ್ಟಿಗೆ ಹೊಂದುತ್ತದಾ ಗೊತ್ತಿಲ್ಲ.

ಅಂದ ಹಾಗೆ, ಕನ್ನಡ ಬೈಬಲ್‌ನಲ್ಲಿ ಇದಕ್ಕೆಲ್ಲ ಇರುವ ಪದ 'ಸಭೆ'. ಮೂಲದ ಎಕ್ಲೇಸಿಯ ಅನ್ನುವುದು ಗ್ರೀಕ್ ಪಟ್ಟಣಗಳಲ್ಲಿ ನಾಗರಿಕರು ಸೇರುವ ಸಭೆಗೆ ಹೇಳುತ್ತಿದ್ದ ಪದ. ನಮ್ಮ ಕರಾವಳಿಯ 'ಇಗರ್ಜಿ' ಪೋರ್ಚುಗೀಸರ ಮೂಲಕ ಅದರಿಂದಲೇ ಬಂದದ್ದು. ಇವತ್ತು ಎರಡೂ ಕೆಟ್ಟಿವೆ. ಇಗರ್ಜಿ ಅಂದರೆ ಕಟ್ಟಡ, ಸಭೆ ಅಂದರೆ ಮಿನಿಟ್ಸ್ ಪುಸ್ತಕ, ಆಡಿಟ್ ವರದಿ, ಚಹಾ.

ಗುರುತಿನ ಮಾತು ಬಂದಾಗ ಕಾಗದದ ಮಾತೂ ಹೇಳಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತು ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಿಗೆ ಇಲ್ಲ, ಮುಸ್ಲಿಮರಿಗೂ ಇಲ್ಲ. ಹಾಗಾಗಿ ಪಾರ್ಕಿಂಗ್ ಜಾಗದಲ್ಲಿ ಕೂತವರಲ್ಲಿ ಕೆಲವರಿಗೆ ಎರಡು ಗುರುತು. ಮಕ್ಕಳ ಸ್ಕಾಲರ್‌ಶಿಪ್ಪಿನ ಅರ್ಜಿಯಲ್ಲಿ ಒಂದು, ಭಾನುವಾರ ಇನ್ನೊಂದು. ಇಂಥವರನ್ನು ಕಮಿಟಿಯಲ್ಲಿ ಕೆಲವರು 'ಅರ್ಧ ಕ್ರಿಶ್ಚಿಯನ್ನರು' ಅನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಈಗ ಮೈ ಉರಿಯುತ್ತದೆ. ನಿಮ್ಮ ಧರ್ಮದಲ್ಲಿ ಅಸ್ಪೃಶ್ಯತೆ ಇಲ್ಲವಲ್ಲ, ಸವಲತ್ತು ಯಾಕೆ ಅನ್ನುವುದು ಅದನ್ನು ಕೊಡಬಾರದು ಅನ್ನುವವರ ವಾದ. ನಮ್ಮ ಡಿಸೆಂಬರ್ ಊಟ ನೋಡಿದ್ದರೆ ಅವರು ವಾದ ಬದಲಿಸುತ್ತಿದ್ದರೇನೋ.

ಹೋದ ಡಿಸೆಂಬರಿನಲ್ಲಿ ಮೇಜು ಬೇಡ ಅಂತ ಕಮಿಟಿಯಲ್ಲಿ ಹೇಳಿದೆ. ಒಂದೂವರೆ ಗಂಟೆ ಚರ್ಚೆ ಆಯಿತು. ವಯಸ್ಸಾದವರು ನೆಲಕ್ಕೆ ಹೇಗೆ ಕೂರುತ್ತಾರೆ, ಸೊಳ್ಳೆ ಇರುತ್ತದೆ, ಪಿಂಗಾಣಿ ತಟ್ಟೆ ಸಾಲುವುದಿಲ್ಲ. ಕೊನೆಗೆ ಪಾರ್ಕಿಂಗ್ ಜಾಗದಲ್ಲೇ ಎಲ್ಲರಿಗೂ ಚಾಪೆ, ಎಲ್ಲರಿಗೂ ಬಾಡಿಗೆ ಸ್ಟೀಲ್ ತಟ್ಟೆ ಅಂತ ಆಯಿತು. ಅವತ್ತು ಮೂರು ಮನೆಯವರು ಕಾರಿನಿಂದ ಮಡಚುವ ಕುರ್ಚಿ ತಂದು ಗೇಟಿನ ಹತ್ತಿರ ಬೇರೆ ಕೂತರು. ಇಬ್ಬರು ಪ್ರಾರ್ಥನೆ ಮುಗಿದ ಕೂಡಲೇ ಮನೆಗೆ ಹೋದರು. ನನಗೆ ಮೊಣಕಾಲು ನೋವು, ಚಾಪೆಯ ಮೇಲೆ ಕಾಲು ಮಡಚಲು ಆಗದೆ ಒದ್ದಾಡುತ್ತಿದ್ದೆ.

ಬಡಿಸುತ್ತಾ ಬಂದವಳು ಆಕೆಯೇ. ಸೊಂಟದಲ್ಲಿದ್ದ ಮಗು ಈಗ ಸೆರಗು ಹಿಡಿದು ಹಿಂದೆ ಬರುತ್ತಿತ್ತು. ನನ್ನ ಮುಂದೆ ಬಂದವಳು ಬಕೆಟ್ಟು ಕೆಳಗಿಟ್ಟು ಒಂದು ಗಳಿಗೆ ನನ್ನನ್ನೇ ನೋಡಿದಳು.

'ಅವತ್ತ ಒಳಗ ಕುಂತಿದ್ರಿ ಅಲ್ರಿ ನೀವು?'

ಹೌದು ಅಂದೆ.

'ಸಾರು ಹಾಕ್ಲೇನ್ರಿ?'